ಹುಲ್ಲುಹಾಸಿನ ಕಂದು ಮಚ್ಚೆಗಳು

ಮನೆಯ ಮುಂದೆ ನಾಲ್ಕು ಮಾರು ಜಾಗವಿದ್ದರೆ ಅಲ್ಲಿ ಹಸುರು ಹುಲ್ಲು ಹಾಸಬೇಕೆಂಬ ಆಸೆ ಈಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ಹುಲ್ಲು ಹಾಸುವುದು ಸುಲಭ. ಅದನ್ನು ಹಸುರಾಗಿ ಉಳಿಸಿಕೊಳ್ಳುವುದು ಕಷ್ಟ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ನಟ್ಟನಡುವೆ ತಟ್ಟೆಯಗಲದ ಕಂದು ಮಚ್ಚೆಯೊಂದು ಕಾಣಿಸಿಕೊಂಡಿರುತ್ತದೆ. ಯಜಮಾನರು ನೀರು ಸಾಲದೆಂದು ಪೈಪು ಹಿಡಿಯುತ್ತಾರೆ. ಮಗ ಗೊಬ್ಬರ ಸಾಲದೆಂದು ಒಂದು ಹಿಡಿ ಯೂರಿಯ ಎರಚುತ್ತಾನೆ. ಮನೆಗೆ ಬಂದ ನೆಂಟರು ಅಂಗಡಿಯಿಂದ ಯಾವುದಾದರೂ ಔಷಧ ತಂದು ಹೊಡೆಯಿರಿ ಎನ್ನುತ್ತಾರೆ. ಮೂವರೂ ಮಚ್ಚೆಯನ್ನು ನಿಂತು ನೋಡಿದವರೇ ಹೊರತು ಕುಳಿತು ನೋಡಿದವರಲ್ಲ.

ಕಂದು ಬಣ್ಣವೆಂಬುದು ರೋಗದ ಹೆಸರಲ್ಲ. ಜ್ವರದ ಹಾಗೆ ಅದೊಂದು ಲಕ್ಷಣ ಮಾತ್ರ. ಬಾಯಾರಿದ ಹುಲ್ಲೂ ಕಂದು, ನೀರು ಹೆಚ್ಚಾಗಿ ಕೊಳೆತ ಹುಲ್ಲೂ ಕಂದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಕಳೆದ ಎರಡು ವರ್ಷಗಳಿಂದ ನಮ್ಮ ಕಾಲೇಜಿನ ಗ್ರಂಥಾಲಯದ ಮುಂದಿನ ಹುಲ್ಲುಹಾಸನ್ನೂ ನಮ್ಮ ಬೀದಿಯ ಏಳೆಂಟು ಮನೆಗಳ ಅಂಗಳವನ್ನೂ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತ ಬಂದಿದ್ದೇನೆ. ಹಾಗೆ ಕಂಡದ್ದನ್ನೂ ಸಸ್ಯರೋಗಶಾಸ್ತ್ರದ ಪುಸ್ತಕಗಳಲ್ಲಿ ಓದಿದ್ದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ. ಮದ್ದನ್ನು ಯೋಚಿಸುವ ಮೊದಲು ಮಚ್ಚೆಯ ಅಂಚನ್ನು ನೋಡಬೇಕೆಂಬುದೇ ನನ್ನ ಒಟ್ಟು ವಾದ. ನಡುವೆ ಇರುವುದು ಆಗಲೇ ಸತ್ತ ಹುಲ್ಲು. ಅದು ಏನನ್ನೂ ಹೇಳದು. ಹೋರಾಟ ನಡೆಯುತ್ತಿರುವುದು ಅಂಚಿನಲ್ಲಿ.

ಮೊದಲು ಹುಲ್ಲಿನ ಜಾತಿ ಯಾವುದೆಂದು ತಿಳಿದಿರಬೇಕು. ನಮ್ಮ ಕಡೆಯ ಹಳೆಯ ಹುಲ್ಲುಹಾಸುಗಳಲ್ಲಿ ಸಾಮಾನ್ಯವಾಗಿ ಇರುವುದು ಗರಿಕೆ. ಗಣಪತಿಗೆ ಏರಿಸುವ ಗರಿಕೆಯೇ ಇದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಈಚೆಗೆ ನರ್ಸರಿಯವರು ಚಾಪೆಯಂತೆ ಸುತ್ತಿ ತಂದು ಹಾಸುವುದು ಮೆಕ್ಸಿಕನ್ ಹುಲ್ಲು. ಅದು ಜೋಯ್ಸಿಯ ಕುಲದ್ದು. ನೆರಳಿದ್ದ ಕಡೆ ಅಗಲ ಎಲೆಯ ಬಫೆಲೊ ಹುಲ್ಲನ್ನು ಹಾಕುತ್ತಾರೆ. ಗರಿಕೆಗೆ ಪೂರ್ತಿ ಬಿಸಿಲು ಬೇಕು. ಮಾವಿನ ಮರದಡಿಯ ಗರಿಕೆ ತೆಳ್ಳಗಾಗಿ ನೆಲ ಬೋಳಾದರೆ ಅದು ರೋಗವಲ್ಲ. ಅದಕ್ಕೆ ಯಾವ ಸೀಸೆಯಲ್ಲೂ ಮದ್ದಿಲ್ಲ.

ಗರಿಕೆಗೆ ಇನ್ನೊಂದು ಗುಣವುಂಟು. ನೀರು ಸಿಗದಾಗ ಅದು ಎಲೆಗಳನ್ನು ಒಣಗಿಸಿಕೊಂಡು, ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದು ಮಲಗುತ್ತದೆ. ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಸೋತ ರೈತನಿಗೆ ಈ ಮಾತನ್ನು ಹೇಳಿಕೊಡಬೇಕಾಗಿಲ್ಲ. ಆದುದರಿಂದ ಮೊದಲ ಪರೀಕ್ಷೆ ಇಷ್ಟೆ: ಒಣಗಿದ ಕುಡಿಯೊಂದನ್ನು ಬುಡಸಹಿತ ತೆಗೆದು, ಗೆಣ್ಣಿನ ಹತ್ತಿರ ಉಗುರಿನಿಂದ ಸೀಳಿ ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ನಿದ್ರೆ. ಕಂದಾಗಿ ಪುಡಿಯಾದರೆ, ಇಲ್ಲವೆ ಮೆತ್ತಗೆ ಕೊಳೆತಿದ್ದರೆ ಅದು ಸಾವು. ಬೇಸಗೆಯಲ್ಲಿ ನಾನು ಸೀಳಿ ನೋಡಿದ ಕುಡಿಗಳಲ್ಲಿ ಹೆಚ್ಚಿನವು ನಿದ್ರಿಸುತ್ತಿದ್ದವು.

ಎರಡನೆಯದು ಆಕಾರ. ನೇರ ಗೆರೆ, ಮೂಲೆ, ಚೌಕ ಇವೆಲ್ಲ ಮನುಷ್ಯನ ಕೈವಾಡ. ಶಿಲೀಂಧ್ರಕ್ಕೆ ಮೂಲೆಮಟ್ಟ ಹಿಡಿಯಲು ಬಾರದು. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟರ ಅಂಗಳದಲ್ಲಿ ಪ್ರತಿ ಮಾರ್ಚಿಯಲ್ಲೂ ಒಂದೇ ಜಾಗದಲ್ಲಿ ಮಚ್ಚೆ ಬೀಳುತ್ತಿತ್ತು. ಮಳೆ ಬಂದರೆ ಮಾಯವಾಗುತ್ತಿತ್ತು. “ಏನಯ್ಯ, ನೀನು ಸಸ್ಯಶಾಸ್ತ್ರ ಓದುವವನು. ಇದು ಯಾವ ರೋಗ, ಹೇಳು ನೋಡೋಣ” ಎಂದು ಕರೆದರು. ಹಗ್ಗ ಹಿಡಿದು ಅಳೆದರೆ ಮಚ್ಚೆ ಏಳಡಿ ಉದ್ದ, ಐದಡಿ ಅಗಲ; ನಾಲ್ಕು ಮೂಲೆಗಳೂ ಸ್ಪಷ್ಟವಾಗಿವೆ. “ಮೇಷ್ಟ್ರೇ, ನಿಮ್ಮ ಮನೆಯ ಸಂಪು ಎಲ್ಲಿದೆ?” ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ನಕ್ಕುಬಿಟ್ಟರು. ಕಬ್ಬಿಣದ ಸರಳನ್ನು ಮಚ್ಚೆಯೊಳಗೆ ಚುಚ್ಚಿದರೆ ಮೂರಂಗುಲಕ್ಕೇ ಟಣ್ ಎಂದಿತು. ಮಚ್ಚೆಯ ಹೊರಗೆ ಚುಚ್ಚಿದರೆ ಒಂದಡಿ ಸಲೀಸಾಗಿ ಇಳಿಯಿತು. ಸಂಪಿನ ಕಾಂಕ್ರೀಟು ಮುಚ್ಚಿಗೆಯ ಮೇಲಿದ್ದ ಮೂರಂಗುಲ ಮಣ್ಣು ಬೇಸಗೆಯಲ್ಲಿ ಕಾವಲಿಯ ಮೇಲಿನ ಹಿಟ್ಟಿನಂತೆ ಕಾಯುತ್ತಿತ್ತು. ಅಷ್ಟರಲ್ಲಿ ಬೇರು ಎಲ್ಲಿಗೆ ಇಳಿಯಬೇಕು? ಮಣ್ಣನ್ನು ಆರೇಳು ಅಂಗುಲಕ್ಕೆ ಏರಿಸಬೇಕು, ಇಲ್ಲವೆ ಆ ಜಾಗದಲ್ಲಿ ಹುಲ್ಲಿನ ಆಸೆ ಬಿಡಬೇಕು. ಮೇಷ್ಟ್ರು ಎರಡನೆಯದನ್ನೇ ಆರಿಸಿ ಹೂಕುಂಡಗಳನ್ನಿಟ್ಟರು. ಅದಕ್ಕೆ ಮುಂಚೆ ಮೂರು ಬೇಸಗೆ ಅವರು ಆ ಕಾಂಕ್ರೀಟಿಗೆ ಔಷಧ ಹೊಡೆಸಿದ್ದರು.

ಹೊಸ ಬಡಾವಣೆಗಳಲ್ಲಿ ಈ ಬಗೆಯ ಮಚ್ಚೆ ಬಹಳ. ಮನೆ ಕಟ್ಟಿ ಮುಗಿದ ಮೇಲೆ ಉಳಿದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟಿನ ಉಂಡೆ ಎಲ್ಲವನ್ನೂ ಅಂಗಳದಲ್ಲೇ ಹರಡಿ, ಮೇಲೆ ಒಂದು ತೆಳು ಪದರ ಕೆಮ್ಮಣ್ಣು ಸುರಿದು ಹುಲ್ಲು ಹಾಸಿರುತ್ತಾರೆ. ಸರಳನ್ನು ಚುಚ್ಚಿ ನೋಡದೆ ಇದು ತಿಳಿಯುವುದಿಲ್ಲ.

ಇನ್ನು ದುಂಡು ಮಚ್ಚೆಗಳು. ಅಂಗೈಯಗಲದ ಕಂದು ಕಲೆ, ಅದರ ಸುತ್ತ ಕಡುಹಸುರಿನ ಬಳೆ ಕಂಡರೆ ನಾಯಿಯನ್ನು ಸಂಶಯಿಸಬೇಕು. ಮೂತ್ರದ ಸಾರಜನಕ ನಡುವೆ ಅತಿಯಾಗಿ ಹುಲ್ಲನ್ನು ಸುಟ್ಟಿದೆ, ಅಂಚಿನಲ್ಲಿ ಹದವಾಗಿ ಗೊಬ್ಬರವಾಗಿದೆ. ಹಿಡಿಯಲ್ಲಿ ಎರಚಿದ ಯೂರಿಯ ಒಂದೆಡೆ ಗುಡ್ಡೆಯಾಗಿ ಬಿದ್ದರೂ ಇದೇ ಕಲೆ. ಯೂರಿಯದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. ಒಂದು ಚದರ ಮೀಟರಿಗೆ 10 ಗ್ರಾಂ ಮೀರದಂತೆ ಮರಳಿನೊಡನೆ ಬೆರೆಸಿ ಎರಚಿ ಕೂಡಲೆ ನೀರು ಹಾಯಿಸಬೇಕು. ಕಲೆ ಹೊಸದಾಗಿದ್ದರೆ ಧಾರಾಳವಾಗಿ ನೀರು ಹೊಯ್ದು ಲವಣವನ್ನು ಕೆಳಕ್ಕೆ ತೊಳೆಯುವುದೊಂದೇ ದಾರಿ.

ದುಂಡು ಮಚ್ಚೆ ಅರ್ಧ ಅಡಿಯಿಂದ ಮೂರು ನಾಲ್ಕು ಅಡಿಯಷ್ಟು ಅಗಲವಾಗಿದ್ದು, ಮೋಡ ಕವಿದ ಮಳೆಯ ದಿನಗಳಲ್ಲಿ ಬೇಗಬೇಗ ಬೆಳೆದರೆ ಆಗ ಶಿಲೀಂಧ್ರದ ಮಾತು. ಇದರ ಹೆಸರು ರೈಜೋಕ್ಟೋನಿಯ ಸೊಲಾನಿ. 1858ರಲ್ಲಿ ಜರ್ಮನಿಯ ಜೂಲಿಯಸ್ ಕೂನ್ ಇದನ್ನು ಆಲೂಗೆಡ್ಡೆಯ ಮೇಲೆ ಕಂಡು ವರ್ಣಿಸಿದ. ಹುಲ್ಲುಹಾಸಿನ ಕಂದು ಮಚ್ಚೆಗೂ ಇದೇ ಕಾರಣವೆಂದು 1919ರಲ್ಲಿ ಅಮೆರಿಕದ ಪೈಪರ್ ಮತ್ತು ಕೋ ಪ್ರಕಟಿಸಿದರು. ಗದ್ದೆಯ ಸೀಮೆಯಿಂದ ಬಂದ ನಮ್ಮ ಸಹಪಾಠಿಗಳಿಗೆ ಇದರ ಪರಿಚಯ ಬೇರೆ ರೀತಿಯಲ್ಲಿ ಇದ್ದೇ ಇದೆ. ಭತ್ತಕ್ಕೆ ಎಲೆಕವಚ ಅಂಗಮಾರಿ ತರುವುದೂ ಇದೇ ಶಿಲೀಂಧ್ರ. ಭತ್ತವೂ ಒಂದು ಹುಲ್ಲೇ ತಾನೆ! ಇದು ಎಳೆಗಳಾಗಿ ಎಲೆಯಿಂದ ಎಲೆಗೆ ಹರಿಯುತ್ತದೆ. ಕಾಲ ಕೆಟ್ಟಾಗ ಸಣ್ಣ ಕಂದು ಗಂಟುಗಳಾಗಿ ಮಣ್ಣಿನಲ್ಲಿ ಅಡಗಿ ಕಾಯುತ್ತದೆ.

ಇದನ್ನು ಗುರುತಿಸಲು ಮುಂಜಾನೆ ಇಬ್ಬನಿ ಆರುವ ಮೊದಲು ಹೋಗಬೇಕು. ಎಳೆಯ ಮಚ್ಚೆಯ ಅಂಚಿನಲ್ಲಿ ಹೊಗೆಬಣ್ಣದ ಉಂಗುರವೊಂದು ಕಾಣಬಹುದು. ಬಿಸಿಲೇರಿದರೆ ಅದು ಮಾಯ. ಹತ್ತಿರದಿಂದ ನೋಡಿದರೆ ಜೇಡನ ನೂಲಿನಂಥ ಎಳೆಗಳು ಎಲೆಗೆ ಅಂಟಿಕೊಂಡಿರುತ್ತವೆ. ಜೇಡನ ಬಲೆಯಾದರೆ ಎಲೆಗಳ ಮೇಲೆ ಚಪ್ಪರದಂತೆ ಕಟ್ಟಿರುತ್ತದೆ. ಅಂಚಿನ ಎಲೆಗಳಲ್ಲಿ ಕಂದು ಗೆರೆ ಸುತ್ತಿದ ಮಾಸಲು ಚುಕ್ಕೆಗಳಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ನೀರಿಲ್ಲದೆ ಒಣಗಿದ ಎಲೆಯಲ್ಲಿ ಚುಕ್ಕೆಯಿರುವುದಿಲ್ಲ. ಅದು ತುದಿಯಿಂದ ಸಮನಾಗಿ ಒಣಗಿ ಸುರುಟಿಕೊಂಡಿರುತ್ತದೆ.

ಈ ಶಿಲೀಂಧ್ರಕ್ಕೆ ಬೇಕಾದುದು ಬೆಚ್ಚನೆಯ ರಾತ್ರಿ, ಹತ್ತು ಗಂಟೆಗೂ ಮಿಕ್ಕು ಒದ್ದೆಯಾಗಿರುವ ಎಲೆ, ಸಾರಜನಕ ಹೆಚ್ಚಾಗಿ ಮೃದುವಾದ ಚಿಗುರು. ಸಂಜೆ ಆರು ಗಂಟೆಗೆ ಪೈಪು ಹಿಡಿಯುವವರು ಎರಡನೆಯದನ್ನೂ, ಯೂರಿಯ ಎರಚುವವರು ಮೂರನೆಯದನ್ನೂ ತಾವೇ ಬಡಿಸುತ್ತಾರೆ. ಚಿಕಿತ್ಸೆಯೂ ಇಲ್ಲಿಂದಲೇ ಆರಂಭವಾಗಬೇಕು. ನೀರು ಬೇಕಾದರೆ ನಸುಕಿನಲ್ಲಿ ಮಾತ್ರ ಕೊಡಬೇಕು. ಉದ್ದನೆಯ ಬಿದಿರುಗಳುವನ್ನು ಹುಲ್ಲಿನ ಮೇಲೆ ಆಡಿಸಿ ಇಬ್ಬನಿ ಉದುರಿಸಬೇಕು. ಯೂರಿಯವನ್ನು ಸಂಪೂರ್ಣ ನಿಲ್ಲಿಸಬೇಕು. ಕತ್ತರಿಸಿದ ರೋಗದ ಹುಲ್ಲನ್ನು ಅಲ್ಲೇ ಬಿಡದೆ ಬಾಚಿ ತೆಗೆಯಬೇಕು. ಬುಡ ಬದುಕಿದ್ದರೆ ಕೆಲವು ವಾರಗಳಲ್ಲಿ ಚಿಗುರು ತಾನಾಗಿ ಬರುತ್ತದೆ. ನಮ್ಮ ಬೀದಿಯಲ್ಲಿ ಇಂಥ ಮೂರು ಮಚ್ಚೆಗಳು ನೀರಿನ ಹೊತ್ತನ್ನು ಬದಲಿಸಿದ್ದರಿಂದಲೇ ವಾಸಿಯಾದುವು.

ಎಲ್ಲ ಶಿಲೀಂಧ್ರಗಳಿಗೂ ಇದೇ ನಿಯಮವೆಂದು ತಿಳಿಯಬಾರದು. ನಾಣ್ಯದಷ್ಟಗಲದ, ಒಣಹುಲ್ಲಿನ ಬಣ್ಣದ ಚುಕ್ಕೆಗಳನ್ನು ತರುವ ಇನ್ನೊಂದು ರೋಗವಿದೆ. ಅಮೆರಿಕದವರು ತಮ್ಮ ಬೆಳ್ಳಿ ನಾಣ್ಯದ ನೆನಪಿನಿಂದ ಅದನ್ನು ಡಾಲರ್ ಚುಕ್ಕೆ ಎಂದರು. ಅದನ್ನು ತರುವ ಶಿಲೀಂಧ್ರವನ್ನು 2018ರಲ್ಲಿ ಕ್ಲಾರಿರೀಡಿಯ ಎಂಬ ಹೊಸ ಕುಲಕ್ಕೆ ಸೇರಿಸಿದರು. ಇದು ಹಸಿದ ಹುಲ್ಲಿಗೆ ಬರುವ ರೋಗ. ಸ್ವಲ್ಪ ಸಾರಜನಕ ಕೊಟ್ಟರೆ ಹಿಮ್ಮೆಟ್ಟುತ್ತದೆ. ಎರಡೂ ಶಿಲೀಂಧ್ರವೇ, ಎರಡೂ ಕಂದು ದುಂಡು ಮಚ್ಚೆಯೇ. ಒಂದಕ್ಕೆ ಗೊಬ್ಬರ ನಿಲ್ಲಿಸಬೇಕು, ಇನ್ನೊಂದಕ್ಕೆ ಕೊಡಬೇಕು.

ಇಲ್ಲಿ ಲೆಸ್ಲಿ ಕೋಲ್ಮನ್ನರನ್ನು ನೆನೆಯದೆ ಮುಂದೆ ಹೋಗಲಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದರ ಕಾರಣವನ್ನು ತಿಳಿದ ಮೇಲೆ ಬೋರ್ಡೋ ಮಿಶ್ರಣದ ಸಿಂಪಡಣೆಯನ್ನು ರೂಢಿಗೆ ತಂದರು. ಅಡಕೆಗೆ ಒಳ್ಳೆಯದಾದುದು ಹುಲ್ಲಿಗೂ ಒಳ್ಳೆಯದೆಂದು ನಮ್ಮ ಬೀದಿಯಲ್ಲೊಬ್ಬರು ಸುಣ್ಣ ಮೈಲುತುತ್ತ ಕಲಸಲು ಹೊರಟಿದ್ದರು. ಪದೇ ಪದೇ ಹೊಡೆದರೆ ತಾಮ್ರ ಮಣ್ಣಿನಲ್ಲಿ ಶೇಖರವಾಗಿ ಹುಲ್ಲಿನ ಬೇರಿಗೇ ಮುಳುವಾಗುತ್ತದೆ. ಕೋಲ್ಮನ್ನರಿಂದ ಕಲಿಯಬೇಕಾದದ್ದು ಮಿಶ್ರಣವನ್ನಲ್ಲ, ಅದಕ್ಕೆ ಮುಂಚಿನ ಅಭ್ಯಾಸವನ್ನು.

ಅಡ್ಡಾದಿಡ್ಡಿ ಅಂಚಿನ ಮಚ್ಚೆಗಳು ಮೂರನೆಯ ಬಗೆ. ಹಿಂದಿನ ಆಗಸ್ಟಿನಲ್ಲಿ ಮಳೆ ಚೆನ್ನಾಗಿ ಬಿದ್ದಿದ್ದರೂ ಗ್ರಂಥಾಲಯದ ಮುಂದಿನ ಹುಲ್ಲು ಬಾಡತೊಡಗಿತು. ನೆಲ ಒದ್ದೆ, ಹುಲ್ಲು ಒಣ. “ತಾತ, ಈ ಗೊರವಂಕಗಳು ಎಲ್ಲ ಬಿಟ್ಟು ಇಲ್ಲೇ ಯಾಕೆ ಕುಕ್ಕುತ್ತವೆ?” ಎಂದು ತೋಟದ ಮಾಲಿಯನ್ನು ಕೇಳಿದೆ. “ಅಡೀಲಿ ಅವಕ್ಕೆ ಅನ್ನ ಐತೆ ಕಣಪ್ಪ” ಎಂದು ಅವರು ಮಚ್ಚೆಯ ಅಂಚಿನ ಹುಲ್ಲನ್ನು ಹಿಡಿದೆಳೆದರು. ಅದು ಕಂಬಳಿಯಂತೆ ಮೇಲೆದ್ದು ಬಂತು. ಅಡಿಯಲ್ಲಿ ಬೇರೇ ಇರಲಿಲ್ಲ. ಒಂದು ಚದರ ಅಡಿಯನ್ನು ನಾಲ್ಕು ಬೆರಳು ಆಳಕ್ಕೆ ಕೆದಕಿ ಎಣಿಸಿದೆವು. ಕಂದು ತಲೆಯ, ಕೊಂಕಿಕೊಂಡು ಮಲಗಿದ ಹನ್ನೊಂದು ಬಿಳಿಯ ಗೊಣ್ಣೆ ಹುಳುಗಳು ಸಿಕ್ಕಿದುವು. ಒಂದೆರಡಿದ್ದರೆ ಹುಲ್ಲು ತಾಳಿಕೊಳ್ಳುತ್ತದೆ. ಐದಾರು ದಾಟಿದರೆ ಉಪಾಯ ಮಾಡಬೇಕು.

ಇವುಗಳ ತಾಯಿತಂದೆಗಳು ಏಪ್ರಿಲ್ ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ನೆಲದಿಂದೇಳುವ ಕಂದು ದುಂಬಿಗಳು. ಬೇವು, ಬೋರೆ ಮುಂತಾದ ಮರಗಳ ಎಲೆ ತಿಂದು, ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಆಗ ಕೊಂಬೆ ಅಲುಗಿಸಿ ಉದುರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹುಳು ಸಣ್ಣದಿರುವಾಗ, ಅಂದರೆ ಮುಂಗಾರು ಹಿಡಿದ ಹೊಸದರಲ್ಲಿ, ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಒದ್ದೆ ಮಣ್ಣಿಗೆ ಸೇರಿಸಬಹುದು. ಅದು ಹುಳುವಿನ ಮೈಯಲ್ಲೇ ಬೆಳೆದು ಅದನ್ನು ಕೊಲ್ಲುತ್ತದೆ; ನಿಧಾನದ ಕೆಲಸ, ಅವಸರದವರಿಗೆ ಒಗ್ಗದು. ಮೇಲೆ ಶಿಲೀಂಧ್ರವನ್ನು ಬೈದೆ, ಈಗ ಹೊಗಳುತ್ತಿದ್ದೇನೆ. ಹುಲ್ಲಿನ ಲೋಕ ಹಾಗೆಯೇ ಇದೆ.

ಸಣ್ಣ ಕಾರಣಗಳು ಇನ್ನೂ ಇವೆ. ಯಂತ್ರದ ಅಲಗು ಮೊಂಡಾದರೆ ಎಲೆಯ ತುದಿ ಹರಿದು, ಇಡೀ ಹಾಸು ಮಾಸಲಾಗುತ್ತದೆ. ಒಂದೇ ಸಲಕ್ಕೆ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ನಾವು ವಿದ್ಯಾರ್ಥಿಗಳು ಕ್ಯಾಂಟೀನಿಗೆ ಹೋಗುವ ಅಡ್ಡದಾರಿಯ ಕಂದು ಗೆರೆಗೆ ಕಾರಣ ಹೇಳಬೇಕಾಗಿಲ್ಲ; ನೆಲವನ್ನು ಮುಳ್ಳುಗುದ್ದಲಿಯಿಂದ ಚುಚ್ಚಿ ಸಡಿಲಿಸಬಹುದು, ಆದರೆ ಅಲ್ಲಿ ಕಲ್ಲು ಹಾಸುವುದೇ ಮೇಲು.

ಈ ವಿಷಯ ಬರಿಯ ಅಂದಚೆಂದದ್ದಲ್ಲ. ಇಪ್ಪತ್ತಡಿಗೆ ಮೂವತ್ತಡಿಯ ಹುಲ್ಲುಹಾಸು ಸುಮಾರು 56 ಚದರ ಮೀಟರು. ವಾರಕ್ಕೆ 25 ಮಿಲಿಮೀಟರು ನೀರು ಕೊಟ್ಟರೆ 1,400 ಲೀಟರು ಬೇಕು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರೆಂಬ ಲೆಕ್ಕ ಹಿಡಿದರೆ ಇದು ಹತ್ತು ಜನರ ಒಂದು ದಿನದ ನೀರು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದೂ, ಬಳಸಿದರೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿದರು. ಸಂಪಿನ ಮುಚ್ಚಿಗೆಯ ಮೇಲೋ ಗೊಣ್ಣೆ ಹುಳುವಿನ ಮೇಲೋ ಸುರಿದ ನೀರು ಯಾರ ಕೊಡದ್ದೆಂದು ಆ ಬೇಸಗೆಯಲ್ಲಿ ಎಲ್ಲರಿಗೂ ಕಂಡಿತು. ನನ್ನ ಅಭಿಪ್ರಾಯದಲ್ಲಿ ಮಾರ್ಚಿಯಿಂದ ಮೊದಲ ಮಳೆಯವರೆಗೆ ನಮ್ಮ ಕಾಲೇಜಿನ ಗರಿಕೆಯನ್ನು ಮಲಗಲು ಬಿಡಬೇಕು. ಬುಡದ ಜೀವ ಉಳಿಯಲು ಮೂರು ವಾರಕ್ಕೊಮ್ಮೆ ಹತ್ತು ಹನ್ನೆರಡು ಮಿಲಿಮೀಟರಿನಷ್ಟು ನೀರು ಕೊಟ್ಟರೆ ಸಾಕು. ವಾರ್ಷಿಕೋತ್ಸವದ ದಿನ ಹಸುರು ಕಾಣಬೇಕೆನ್ನುವವರು ಇದನ್ನು ಒಪ್ಪಲಾರರು. ಅವರು ಒಂದು ಕುಡಿಯನ್ನು ಸೀಳಿ ನೋಡಲಿ.

ಕೊನೆಗೆ, ನಿಜವಾಗಿ ಸತ್ತ ಜಾಗವನ್ನು ತುಂಬುವ ಕ್ರಮ. ಕಾರಣ ಹೋದ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು. ಒಣಹುಲ್ಲನ್ನು ಬಾಚಿ ತೆಗೆದು, ನಾಲ್ಕಂಗುಲ ಅಗೆದು, ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿ ನೆಲ ಮಟ್ಟ ಮಾಡಬೇಕು. ಜೂನಿನ ಮಳೆಯಲ್ಲಿ ಅದೇ ಅಂಗಳದ ಆರೋಗ್ಯವಾದ ಕಡೆಯಿಂದ ಎರಡು ಮೂರು ಗೆಣ್ಣಿರುವ ಗರಿಕೆಯ ಕುಡಿಗಳನ್ನು ತಂದು ಮೂರು ನಾಲ್ಕು ಅಂಗುಲಕ್ಕೊಂದರಂತೆ, ಒಂದು ಗೆಣ್ಣು ಮಣ್ಣಿನೊಳಗಿರುವಂತೆ ನೆಟ್ಟು, ಕಾಲಿನಿಂದ ಮೆಲ್ಲಗೆ ಒತ್ತಬೇಕು. ಗಣೇಶನ ಹಬ್ಬದ ಹೊತ್ತಿಗೆ ನೆಲ ಮುಚ್ಚಿಕೊಳ್ಳುತ್ತದೆ. ಮೆಕ್ಸಿಕನ್ ಹುಲ್ಲಾದರೆ ಬೆಳವಣಿಗೆ ನಿಧಾನ. ಅದನ್ನು ಅಂಗೈಯಗಲದ ಹೆಂಟೆಗಳಾಗಿ ಬೇರುಸಹಿತ ಎತ್ತಿ ಒತ್ತೊತ್ತಾಗಿ ಕೂರಿಸುವುದು ವಾಸಿ.