ಸಾವಕಾಶದ ಪ್ರವಾಸ: ಅದರ ಸಿದ್ಧತೆ ಹೇಗೆ?

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವ ಬಗೆಯನ್ನು ಶಾಲೆಯಲ್ಲಿ ಹತ್ತು ವರ್ಷ ಕಲಿಸುತ್ತೇವೆ. ದೇಶ ಸುತ್ತುವ ಬಗೆಯನ್ನು ಮಾತ್ರ ಕಲಿಸುವವರು ಕಡಿಮೆ. ವಾಹನವೇರಿ ಹೊರಟರೆ ಪ್ರವಾಸ ತಾನಾಗಿ ಆಗುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಅದು ತಪ್ಪೆಂಬುದನ್ನು ನಾವು ನಮ್ಮ ಅನುಭವದಿಂದಲೇ ಕಲಿತೆವು.

ಕೆಲವು ವರ್ಷಗಳ ಹಿಂದೆ ನಾವು ಮಕ್ಕಳನ್ನು ಕರೆದುಕೊಂಡು ಎರಡು ದಿನಗಳಲ್ಲಿ ಹನ್ನೊಂದು ಸ್ಥಳಗಳನ್ನು ನೋಡುವ ಏರ್ಪಾಡು ಮಾಡಿದ್ದೆವು. ಎರಡನೆಯ ದಿನ ಮಧ್ಯಾಹ್ನ ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ತಲುಪಿದಾಗ ನಮಗೆ ಉಳಿದಿದ್ದುದು ಇಪ್ಪತ್ತೇ ನಿಮಿಷ. ಐದನೆಯ ಇಯತ್ತೆಯ ಒಬ್ಬ ಬಾಲಿಕೆ ಒಂದು ಶಾಸನದ ಮುಂದೆ ನಿಂತು ಅಕ್ಷರಗಳ ಮೇಲೆ ಬೆರಳಾಡಿಸುತ್ತ, "ಸರ್, ಇವು ನಮ್ಮ ಅಕ್ಷರ ಅದಾವೇನ್ರೀ?" ಎಂದು ಕೇಳಿದಳು. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. "ಆಮೇಲೆ ಹೇಳೋಣ, ಬೇಗ ಬಾರವ್ವ" ಎಂದು ಅವಳನ್ನು ಕರೆತಂದೆವು. ಊರಿಗೆ ಮರಳಿದ ಮೇಲೆ ಬರೆಯಿಸಿದ ಪ್ರಬಂಧದಲ್ಲಿ ಅವಳು ಖಿದ್ರಾಪುರದ ಬಗೆಗೆ ಬರೆದುದು ಒಂದೇ ವಾಕ್ಯ: 'ಅಲ್ಲಿ ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು.' ತಪ್ಪು ಬಾಲಿಕೆಯದಲ್ಲ, ಯೋಜನೆ ಮಾಡಿದ ನಮ್ಮದು. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಪ್ರವಾಸದ ಸಿದ್ಧತೆಯನ್ನೇ ಒಂದು ಪಾಠವಾಗಿ ತೆಗೆದುಕೊಂಡಿದ್ದೇವೆ.

1. ಇಬ್ಬರು ಪ್ರವಾಸಿಗರು

ಮೊದಲಿಗೆ ದೂರದ ಒಂದು ನಿದರ್ಶನ. ಇಂಗ್ಲೆಂಡಿನ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ಬೆಟ್ಟಗಳ, ಸರೋವರಗಳ ನಾಡಿದೆ. ಇಂಗ್ಲಿಷ್ ನಿಘಂಟನ್ನು ರಚಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಪಂಡಿತನು 1773ರಲ್ಲಿ ತನ್ನ ಮಿತ್ರ ಬಾಸ್ವೆಲ್ಲನೊಡನೆ ಆ ನಾಡನ್ನು ನೋಡಲು ಹೊರಟನು. ಆಗ ಅವನಿಗೆ 63 ವರ್ಷ. ಆಗಸ್ಟ್ 18ರಂದು ಎಡಿನ್‌ಬರೋ ಪಟ್ಟಣವನ್ನು ಬಿಟ್ಟವರು ಮರಳಿ ಅಲ್ಲಿಗೆ ಬಂದುದು ನವೆಂಬರ್ 9ರಂದು. ನಡುವೆ ಬಿರುಗಾಳಿಗೆ ಸಿಕ್ಕಿ ಕಾಲ್ ಎಂಬ ಚಿಕ್ಕ ದ್ವೀಪದಲ್ಲಿ ಹಲವು ದಿನ ತಡೆದು ನಿಲ್ಲಬೇಕಾಯಿತು. ಆ ದಿನಗಳೂ ವ್ಯರ್ಥವಾಗಲಿಲ್ಲ. ಅಲ್ಲಿಯ ಜನ ಹೇಗೆ ಬಾಳುತ್ತಾರೆ, ಏನನ್ನು ಬೆಳೆಯುತ್ತಾರೆ ಎಂಬುದನ್ನು ಅವರು ವಿಚಾರಿಸಿಕೊಂಡರು. 1775ರಲ್ಲಿ ಜಾನ್ಸನ್ನನ ಪ್ರವಾಸಗ್ರಂಥ ಪ್ರಕಟವಾಯಿತು. ಜನ ಅದನ್ನು ಇಂದಿಗೂ ಓದುತ್ತಾರೆ.

ಎರಡನೆಯ ನಿದರ್ಶನ ನಮ್ಮ ಕೊಲ್ಹಾಪುರದ್ದೇ. ಛತ್ರಪತಿ ರಾಜಾರಾಮ ಮಹಾರಾಜರು 1870ರಲ್ಲಿ ಯುರೋಪ ಖಂಡದ ಪ್ರವಾಸ ಕೈಕೊಂಡರು. ಅವರು ಇನ್ನೂ ಇಪ್ಪತ್ತರ ತರುಣರು. ಕಂಡುದನ್ನೂ ಕೇಳಿದುದನ್ನೂ ದಿನಚರಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದರು. ವಿಧಿ ಬೇರೆಯೇ ಎಣಿಸಿತ್ತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅಸ್ವಸ್ಥರಾಗಿ ಅದೇ ವರ್ಷ ನವೆಂಬರ್ 30ರಂದು ತೀರಿಕೊಂಡರು. ಅಲ್ಲಿಯ ಆರ್ನೋ ನದಿಯ ದಂಡೆಯಲ್ಲಿ ಅವರ ದಹನವಾಯಿತು. ಆ ಸ್ಥಳದಲ್ಲಿ 1874ರಲ್ಲಿ ನಿರ್ಮಿಸಿದ ಛತ್ರಿ ಇಂದಿಗೂ ಇದೆ. ಅದನ್ನು ರೂಪಿಸಿದ ಮೇಜರ್ ಮ್ಯಾಂಟನೇ ಮುಂದೆ 1877ರಿಂದ 1884ರವರೆಗೆ ಕಟ್ಟಲಾದ ಕೊಲ್ಹಾಪುರದ ಹೊಸ ಅರಮನೆಯ ವಾಸ್ತುಶಿಲ್ಪಿ. ಮಹಾರಾಜರು ಊರಿಗೆ ಮರಳಲಿಲ್ಲ. ಅವರ ದಿನಚರಿ ಮಾತ್ರ 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಉಳಿಯಿತು. ಪ್ರವಾಸಿಯ ಕೈಯಲ್ಲಿ ಒಂದು ವಹಿ ಇರಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

2. ಸಿದ್ಧತೆಯ ಐದು ನಿಯಮಗಳು

ಮೊದಲನೆಯದು, ಋತುವನ್ನು ನೋಡಿ ಹೊರಡಬೇಕು. ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತರ ತನಕ ಸೂರ್ಯ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಕತ್ತಲೆಯಾಗುತ್ತದೆ. ನಮ್ಮಲ್ಲಿ ಹಗಲಿನ ಅಂತರ ಅಷ್ಟಿಲ್ಲ. ಇಲ್ಲಿ ವಿಚಾರ ಮಾಡಬೇಕಾದುದು ಮಳೆಯನ್ನು. 2005, 2019 ಮತ್ತು 2021ರಲ್ಲಿ ಪಂಚಗಂಗೆಯೂ ಕೃಷ್ಣೆಯೂ ಉಕ್ಕಿ ಎಷ್ಟು ಊರುಗಳನ್ನು ಮುಳುಗಿಸಿದುವೆಂಬುದನ್ನು ಪಾಲಕರು ಮರೆತಿರಲಾರರು. ಮಳೆಗಾಲ ಕಳೆದು ಹೊಳೆಗಳು ತಿಳಿಯಾಗುವ ಕಾರ್ತಿಕ ಮಾಸವೇ ನಮಗೆ ಯೋಗ್ಯವಾದ ಕಾಲ.

ಎರಡನೆಯದು, ನೆಲೆಗಳು ಕಡಿಮೆಯಿರಬೇಕು. ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಕಟ್ಟಿ ಬಿಚ್ಚುವವನಿಗೆ ನೋಡುವ ಶಕ್ತಿ ಉಳಿಯುವುದಿಲ್ಲ. ಒಂದೂರಿನಲ್ಲಿ ಮೂರು ನಾಲ್ಕು ದಿನ ತಂಗಿ ಸುತ್ತಣ ಸ್ಥಳಗಳಿಗೆ ಹೋಗಿಬರುವುದು ಲೇಸು. ಮುದುಕರಿಗೂ ಕೂಸುಗಳಿಗೂ ಇದೇ ಹಿತ.

ಮೂರನೆಯದು, ಅರ್ಧ ದಿನಕ್ಕೆ ಒಂದೇ ಸ್ಥಳ. ನಾಲ್ಕನೆಯದು, ಒಂದು ದಿನವನ್ನು ಕೈಯಲ್ಲಿ ಬಿಡುವಾಗಿ ಇಟ್ಟುಕೊಳ್ಳಬೇಕು. ಮಳೆ ಬರಬಹುದು, ಅಜ್ಜಿಗೆ ಆಯಾಸವಾಗಬಹುದು. ಇಲ್ಲವೆ ಒಂದು ಸ್ಥಳವನ್ನು ಇನ್ನೊಮ್ಮೆ ನೋಡಬೇಕೆನಿಸಬಹುದು. ಐದನೆಯದು, ಹೊರಡುವ ಮುನ್ನ ಓದಬೇಕು, ಮರಳುವ ಮುನ್ನ ಬರೆಯಬೇಕು.

3. ಒಂಬತ್ತು ದಿನಗಳ ಒಂದು ಯೋಜನೆ

ಈ ನಿಯಮಗಳನ್ನು ನಮ್ಮ ಜಿಲ್ಲೆಗೇ ಅನ್ವಯಿಸಿ ನೋಡೋಣ. ಕೊಲ್ಹಾಪುರ, ನರಸೋಬಾವಾಡಿ, ಗಡಹಿಂಗ್ಲಜ ಈ ಮೂರೇ ನಮ್ಮ ನೆಲೆಗಳು.

ಕೊಲ್ಹಾಪುರವನ್ನು ನವೆಂಬರ್ 9ರಂದು ಸೇರುವುದು ಉತ್ತಮ. ಇದಕ್ಕೆ ಕಾರಣವುಂಟು. ಮಹಾಲಕ್ಷ್ಮಿಯ ಗುಡಿ ಪಶ್ಚಿಮಕ್ಕೆ ಮುಖಮಾಡಿದೆ. ನವೆಂಬರ್ 9, 10, 11 ಹಾಗೂ ಜನವರಿ 31, ಫೆಬ್ರುವರಿ 1, 2 ಈ ದಿನಗಳಲ್ಲಿ ಅಸ್ತಮಿಸುವ ಸೂರ್ಯನ ಕಿರಣಗಳು ಬಾಗಿಲುಗಳನ್ನು ದಾಟಿ ಗರ್ಭಗುಡಿಯೊಳಗೆ ಪ್ರವೇಶಿಸುತ್ತವೆ. ಮೊದಲ ದಿನ ದೇವಿಯ ಪಾದಕ್ಕೆ, ಎರಡನೆಯ ದಿನ ಎದೆಯವರೆಗೆ, ಮೂರನೆಯ ದಿನ ಮುಖಕ್ಕೆ ಬೆಳಕು ಮುಟ್ಟುವುದೆಂದು ಹೇಳುತ್ತಾರೆ. ಇದೇ ಕಿರಣೋತ್ಸವ. ಮೋಡ ಕವಿದರೆ ಕಾಣಿಸದೆಯೂ ಹೋಗಬಹುದು. ಅವಸರದ ಪ್ರವಾಸಿಗೆ ಇದು ದಕ್ಕುವಂಥದಲ್ಲ. ಮೂರು ಸಂಜೆ ಒಂದೇ ಊರಿನಲ್ಲಿ ನಿಲ್ಲಬಲ್ಲವನಿಗೆ ಮಾತ್ರ ಸೂರ್ಯನು ತನ್ನ ಗತಿಯನ್ನು ತೋರಿಸುತ್ತಾನೆ. ಭೂಗೋಲದ ಪಾಠದಲ್ಲಿ ಓದಿದ ದಕ್ಷಿಣಾಯನ, ಉತ್ತರಾಯಣಗಳನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣಬಹುದು. ಗುಡಿಯಲ್ಲಿ ಆ ದಿನಗಳಂದು ಜನಸಂದಣಿ ಬಹಳ, ಚಿಕ್ಕವರ ಕೈಬಿಡಬಾರದು.

ಸಂಜೆಗಳು ಹೀಗೆ ಗೊತ್ತಾದ ಮೇಲೆ ಹಗಲುಗಳು ಬಿಡುವಾಗಿ ಉಳಿಯುತ್ತವೆ. ಒಂದು ಮುಂಜಾನೆ ರಂಕಾಳ ಕೆರೆ, ಒಂದು ಮುಂಜಾನೆ ಹೊಸ ಅರಮನೆ, ಇನ್ನೊಂದು ಮುಂಜಾನೆ ಟೌನ್ ಹಾಲಿನ ವಸ್ತುಸಂಗ್ರಹಾಲಯ. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು ಅಗೆದಾಗ ದೊರೆತ ವಸ್ತುಗಳನ್ನು ಈ ಸಂಗ್ರಹಾಲಯ ಕಾಪಾಡುತ್ತಿದೆ. ಅವುಗಳಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಕಂಚಿನ ಮೂರ್ತಿಯೂ ಒಂದು. ಕಡಲಿಂದ ಇಷ್ಟು ಒಳಗಿರುವ ಊರಿಗೆ ಪರದೇಶದ ಕಡಲದೇವರು ಬಂದುದು ಹೇಗೆಂದು ಮಕ್ಕಳನ್ನು ಕೇಳಿರಿ. ಉತ್ತರವನ್ನು ಕೂಡಲೆ ಹೇಳಬೇಡಿರಿ.

ನಾಲ್ಕನೆಯ ದಿನವೆಲ್ಲ ಪನ್ಹಾಳಗಡಕ್ಕೆ ಮೀಸಲು. ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರು ದೂರ. ಶಿಲಾಹಾರ ಎರಡನೆಯ ಭೋಜನ ಕಾಲದ ಈ ದುರ್ಗದಲ್ಲಿ 1660ರಲ್ಲಿ ಶಿವಾಜಿ ಮಹಾರಾಜರನ್ನು ಸಿದ್ದಿ ಜೌಹರನ ಸೈನ್ಯ ತಿಂಗಳುಗಟ್ಟಲೆ ಮುತ್ತಿತ್ತು. ಜುಲೈ ತಿಂಗಳ ಒಂದು ಮಳೆಯ ರಾತ್ರಿ ಅವರು ತಪ್ಪಿಸಿಕೊಂಡು ವಿಶಾಳಗಡದ ದಾರಿ ಹಿಡಿದರು. ಹಿಂದೆ ಕಣಿವೆಯಲ್ಲಿ ನಿಂತು ವೈರಿಯನ್ನು ತಡೆದ ಬಾಜಿಪ್ರಭು ದೇಶಪಾಂಡೆ ಪ್ರಾಣವನ್ನು ಒಪ್ಪಿಸಿದನು. ಧಾನ್ಯದ ಅಂಬರಖಾನೆಯ ದಪ್ಪ ಗೋಡೆಗಳನ್ನು ನೋಡಿ, ಮುತ್ತಿಗೆಯ ಕಾಲದಲ್ಲಿ ಅನ್ನ ನೀರುಗಳ ಸಂಗ್ರಹಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಮಕ್ಕಳು ಊಹಿಸಲಿ. 2025ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಹನ್ನೆರಡು ಮರಾಠಾ ದುರ್ಗಗಳಲ್ಲಿ ಪನ್ಹಾಳವೂ ಒಂದು.

ಐದನೆಯ ದಿನ ನರಸೋಬಾವಾಡಿಗೆ ಹೋಗುವ ಮಾರ್ಗದಲ್ಲಿ ಇಚಲಕರಂಜಿಯಲ್ಲಿ ಅರ್ಧ ದಿನ ನಿಲ್ಲೋಣ. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಇಲ್ಲಿ ಮೊದಲ ವಿದ್ಯುನ್ಮಗ್ಗವನ್ನು ಹೂಡಿದರು. ಜಹಾಗೀರದಾರರಾದ ನಾರಾಯಣರಾವ್ ಘೋರ್ಪಡೆಯವರ ಆಶ್ರಯದಿಂದ ಊರು ನೇಕಾರಿಕೆಯಲ್ಲಿ ಬೆಳೆಯಿತು. ಇಚಲಕರಂಜಿಯ ಮಕ್ಕಳಿಗೆ ಮಗ್ಗದ ಸದ್ದು ಜೋಗುಳದಷ್ಟು ಪರಿಚಿತ. ಆದರೆ ತಂದೆ ಮಾಡುವ ಕೆಲಸವನ್ನು ಪಕ್ಕದಲ್ಲಿ ನಿಂತು, ಹಾಸು ಹೊಕ್ಕುಗಳನ್ನು ಕೇಳಿ ತಿಳಿದವರು ಎಷ್ಟು ಮಂದಿ? ಪ್ರವಾಸಕ್ಕೆ ದೂರ ಹೋಗಲೇಬೇಕೆಂಬ ನಿಯಮವಿಲ್ಲ. ಗ್ವಾಲಿಯರ್ ಘರಾಣೆಯ ಸಂಗೀತವನ್ನು ಈ ಭಾಗದಲ್ಲಿ ನೆಲೆಗೊಳಿಸಿದ ಬಾಳಕೃಷ್ಣಬುವಾ ಅವರೂ ಈ ಊರ ಹೆಸರಿನಿಂದಲೇ ಪ್ರಸಿದ್ಧರು. ಅವರ ಶಿಷ್ಯರಾದ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಜನಿಸಿದ ಕುರುಂದವಾಡವೂ ನಮ್ಮ ಮುಂದಿನ ನೆಲೆಯ ಹತ್ತಿರವೇ ಇದೆ.

ನರಸೋಬಾವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡುತ್ತದೆ. ದತ್ತಾತ್ರೇಯನ ಪಾದುಕೆಗಳಿರುವ ಈ ಕ್ಷೇತ್ರದಲ್ಲಿ ರಾತ್ರಿ ತಂಗಿ, ಬೆಳಗಿನ ಘಾಟಿನ ಮೇಲೆ ಸುಮ್ಮನೆ ಕುಳಿತು ನೋಡಿರಿ. ಎರಡು ನೀರುಗಳು ಒಂದಾಗುವುದನ್ನು ನೋಡುವುದಕ್ಕೆ ಟಿಕೀಟು ಬೇಕಿಲ್ಲ.

ಆರನೆಯ ದಿನ ಅದೇ ಶಿರೋಳ ತಾಲೂಕಿನ ಖಿದ್ರಾಪುರ. ಇಪ್ಪತ್ತು ನಿಮಿಷವಲ್ಲ, ಇಡೀ ದಿನ! ಬುತ್ತಿ ಕಟ್ಟಿಕೊಂಡು ಹೋಗಬೇಕು. ದೇವಾಲಯದ ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು; ನಡುವೆ ಸುಮಾರು 13 ಅಡಿ ಅಗಲದ ವರ್ತುಲಾಕಾರದ ಭಾಗ ಆಕಾಶಕ್ಕೆ ತೆರೆದಿದೆ. ಅದರೊಳಗಿಂದ ಬಿದ್ದ ಬಿಸಿಲಿನ ಅಂಚನ್ನು ಕಣ್ಣಿನಿಂದಲೇ ಗುರುತಿಟ್ಟು ಒಂದು ಗಂಟೆಯ ಮೇಲೆ ಮತ್ತೆ ನೋಡಿದರೆ, ಬೆಳಕು ಪೂರ್ವದ ಕಡೆಗೆ ಸರಿದಿರುವುದು ಕಾಣುತ್ತದೆ. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದು ಉತ್ತರದ ಬದಿಗೆ ಬಿದ್ದಿರುತ್ತದೆ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ದೇವಾಲಯವನ್ನು ಹೊತ್ತು ನಿಂತಿದೆ. ಎಷ್ಟು ಆನೆಗಳೆಂದು ಮಕ್ಕಳೇ ಎಣಿಸಲಿ.

ಶಿವಾಲಯವಾದರೂ ಇಲ್ಲಿ ಎದುರಿಗೆ ನಂದಿಯಿಲ್ಲ. ಈ ಕೋಪೇಶ್ವರನ ನಂದಿ ಕರ್ನಾಟಕದ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದೆ ಎಂದು ಜನ ನಂಬುತ್ತಾರೆ. ದೇವರು ಒಂದು ರಾಜ್ಯದಲ್ಲಿ, ನಂದಿ ಇನ್ನೊಂದು ರಾಜ್ಯದಲ್ಲಿ! ಗಡಿ ನಾಡಿನವರಾದ ನಮಗೆ ಇದು ಸೋಜಿಗವೇನೂ ಅಲ್ಲ. ನಮ್ಮ ಬಂಧುಬಳಗವೂ ಹಾಗೆಯೇ ಹಂಚಿಕೊಂಡಿದೆಯಲ್ಲವೆ?

ಇನ್ನು ಆ ಬಾಲಿಕೆಯ ಪ್ರಶ್ನೆ. ಹೌದು, ಅವು ನಮ್ಮ ಅಕ್ಷರಗಳೇ. ಇಲ್ಲಿಯ ಶಾಸನಗಳಲ್ಲಿ ಯಾದವ ಸಿಂಘಣನದು ಸಂಸ್ಕೃತದಲ್ಲಿ, ದೇವನಾಗರಿಯಲ್ಲಿದೆ, ಹೆಚ್ಚಿನವು ಹಳಗನ್ನಡದವು. ಕೊಲ್ಹಾಪುರದ ಶಿಲಾಹಾರ ಅರಸರ ಶಾಸನಗಳೂ ಬಹುತೇಕ ಕನ್ನಡದಲ್ಲಿವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದರು. 1961ರ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒಂದು ಅಕ್ಷರದ ಮುಂದೆ ಗಂಟೆಗಟ್ಟಲೆ ನಿಲ್ಲಬಲ್ಲವರಿಂದಲೇ ಇಂಥ ಕಾರ್ಯ ಸಾಧ್ಯ.

ಏಳನೆಯ ದಿನ ಗಡಹಿಂಗ್ಲಜಕ್ಕೆ ಪಯಣ. ಸಂಜೆ ಹಿರಣ್ಯಕೇಶಿಯ ದಂಡೆ. ಎಂಟನೆಯ ದಿನ ಸಮೀಪದ ಸಾಮಾನಗಡ. ಇದೂ ಶಿಲಾಹಾರರ ಕಾಲದ ದುರ್ಗ. ತಲೆತಲಾಂತರದಿಂದ ಕೋಟೆಯನ್ನು ಕಾಯುತ್ತ ಬಂದಿದ್ದ ಗಡಕರಿಗಳು ತಮ್ಮ ಹಕ್ಕಿಗೆ ಚ್ಯುತಿ ಬಂದಾಗ 1844ರಲ್ಲಿ ಇಲ್ಲಿ ಬಾಗಿಲು ಮುಚ್ಚಿ ಬ್ರಿಟಿಷರ ವಿರುದ್ಧ ನಿಂತರು. ಒಂಬತ್ತನೆಯ ದಿನ ಬಿಡುವಿನ ದಿನ. ಅದಕ್ಕೆ ಯೋಜನೆ ಬೇಡ.

4. ಪಾಲಕರಿಗೆ ಎರಡು ಮಾತು

ಇಷ್ಟು ದಿನ ಬಿಡುವು ಎಲ್ಲಿಂದ, ಹಣ ಎಲ್ಲಿಂದ ಎಂದು ನೀವು ಕೇಳುವುದು ನ್ಯಾಯವೇ. ದಿನದ ದುಡಿಮೆಯನ್ನು ನಂಬಿದವರಿಗೆ ಒಂಬತ್ತು ದಿನ ದೊರೆಯದು. ಮೂರೇ ದಿನ ದೊರೆತರೆ ಮೂರು ನೆಲೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿರಿ; ಮಿಕ್ಕವನ್ನು ಮುಂದಿನ ವರ್ಷಗಳಿಗೆ ಬಿಡಿರಿ. ಒಂಬತ್ತು ದಿನಗಳದನ್ನು ಮೂರು ದಿನಗಳಲ್ಲಿ ತುರುಕಬೇಡಿರಿ. ಅಲೆದಾಟ ಕಡಿಮೆಯಾದಷ್ಟೂ ವಾಹನದ ಖರ್ಚು ಕಡಿಮೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಹೊಟ್ಟೆಯೂ ಕೆಡದು, ಕಿಸೆಯೂ ಬರಿದಾಗದು.

ಕಳೆದ ದೀಪಾವಳಿಯಲ್ಲಿ, ಮಗ್ಗಗಳು ನಿಂತ ದಿನಗಳಲ್ಲಿ, ಆ ಬಾಲಿಕೆಯ ತಂದೆತಾಯಿಗಳು ಅವಳನ್ನೂ ಅಜ್ಜಿಯನ್ನೂ ಖಿದ್ರಾಪುರವೊಂದಕ್ಕೇ ಕರೆದೊಯ್ದರಂತೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿಯೇ ಇದ್ದರಂತೆ. ರಜೆ ಮುಗಿದ ಮೇಲೆ ಅವಳು ತನ್ನ ವಹಿಯನ್ನು ತಂದು ತೋರಿಸಿದಳು. ಶಾಸನವನ್ನು ನೋಡಿ ಬರೆದುಕೊಂಡ ಏಳು ಅಕ್ಷರಗಳು ಅದರಲ್ಲಿದ್ದುವು. ಐದನ್ನು ಅವಳೇ ಗುರುತಿಸಿದ್ದಳು. ಉಳಿದೆರಡನ್ನು ನಾವು ಕೂಡಿ ಹುಡುಕುತ್ತಿದ್ದೇವೆ.

ಅಭ್ಯಾಸ

1. ಭೂಪಟದಲ್ಲಿ ಪಂಚಗಂಗೆ, ಹಿರಣ್ಯಕೇಶಿ ನದಿಗಳನ್ನು ಗುರುತಿಸಿರಿ. ಎರಡರ ನೀರೂ ಕೊನೆಗೆ ಕೃಷ್ಣೆಯನ್ನು ಸೇರುವ ಮಾರ್ಗವನ್ನು ಬರೆಯಿರಿ.

2. ಕಿರಣೋತ್ಸವವು ವರ್ಷಕ್ಕೆ ಎರಡು ಸಲ ಬರುವುದೇಕೆ? ಸೂರ್ಯ ಮುಳುಗುವ ದಿಕ್ಕನ್ನು ಒಂದು ತಿಂಗಳು ಗಮನಿಸಿ ಉತ್ತರಿಸಿರಿ.

3. ನಿಮ್ಮ ಊರಿನಲ್ಲಿ ಅಥವಾ ಹತ್ತಿರದಲ್ಲಿ ಹಳೆಯ ಶಾಸನದ ಕಲ್ಲು ಇದೆಯೆ? ಹಿರಿಯರನ್ನು ವಿಚಾರಿಸಿರಿ. ಕಲ್ಲಿಗೆ ಬಣ್ಣ, ಸುಣ್ಣ ಹಚ್ಚದೆ ಅಕ್ಷರಗಳನ್ನು ನೋಡಿ ಬರೆದುಕೊಳ್ಳಿರಿ.

4. ಮನೆಯವರೊಡನೆ ಕುಳಿತು ಮೂರು ದಿನಗಳ ಒಂದು ಪ್ರವಾಸದ ಯೋಜನೆ ಮಾಡಿರಿ. ಬರೆದು ಮುಗಿದ ಮೇಲೆ ಅದರಲ್ಲಿ ಒಂದು ಸ್ಥಳವನ್ನು ಹೊಡೆದುಹಾಕಿರಿ.