ಹಡಗು ಬಂತಾ?

ಒಂದು ದಿನ ಬಸ್ಸು ಬರದಿದ್ದರೆ ನಾವು ನಡೆದಾದರೂ ಹೋಗುತ್ತೇವೆ. ಊರಿನ ಸುತ್ತ ಬರೀ ಸಮುದ್ರವೇ ಇದ್ದರೆ?

ಕೇರಳದ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ನಡುವೆ ಲಕ್ಷದ್ವೀಪ ಇದೆ. 2011ರ ಜನಗಣತಿಯಂತೆ ಅಲ್ಲಿ 64,473 ಜನ. ತೆಂಗು ಉಂಟು, ಮೀನು ಉಂಟು. ಭತ್ತ ಬೆಳೆಯುವುದಿಲ್ಲ. ಅಕ್ಕಿ, ಬೇಳೆ, ಈರುಳ್ಳಿ ಎಲ್ಲವೂ ಕಡಲು ದಾಟಿಯೇ ಬರಬೇಕು.

ಜನರನ್ನೂ ಸಾಮಾನನ್ನೂ ಒಟ್ಟಿಗೆ ಹೊತ್ತು ಕೊಚ್ಚಿಯಿಂದ ಹಡಗು ಹೊರಡುತ್ತದೆ. 'ಕವರತ್ತಿ' ಎಂಬ ಹಡಗಿನಲ್ಲಿ 700 ಜನ ಹಿಡಿಸುತ್ತಾರೆ. ದ್ವೀಪ ಮುಟ್ಟಲು 14ರಿಂದ 18 ಗಂಟೆ ಬೇಕು.

ಕಷ್ಟ ಇರುವುದು ಇಳಿಯುವಾಗ. ದ್ವೀಪದ ಸುತ್ತ ಹವಳದ ದಿಬ್ಬ. ಅದರೊಳಗೆ ನೀರು ಆಳವಿಲ್ಲ. ಅದಕ್ಕೇ ಎಷ್ಟೋ ಕಡೆ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ. ಚಿಕ್ಕ ದೋಣಿ ಅದರ ಪಕ್ಕಕ್ಕೆ ಬರುತ್ತದೆ. ಅಲೆ ಬಂದ ಹಾಗೆ ದೋಣಿ ಏಳುತ್ತದೆ, ಇಳಿಯುತ್ತದೆ. ಬಸುರಿ ಇರಲಿ, ಮುದುಕಿ ಇರಲಿ, ಸರಿಯಾದ ಗಳಿಗೆ ನೋಡಿ ಕಾಲಿಡಬೇಕು. ನೆನೆದರೇ ನಮಗೆ ಎದೆ ಝಲ್ ಎನ್ನುತ್ತದೆ! ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಡಗು ತಡವಾದರೆ ತರಕಾರಿಗೂ ತತ್ವಾರ.

ಈ ದ್ವೀಪಗಳಿಗೂ ನಮ್ಮ ಮಂಗಳೂರಿಗೂ ಹಳೆಯ ನಂಟು. ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಹೆಂಗಸರು ತೆಂಗಿನ ನಾರು ಹೊಸೆದು ಹುರಿ ಮಾಡುತ್ತಿದ್ದರು. ಹಾಯಿ ಹಡಗಿನಲ್ಲಿ ಹುರಿ ಮಂಗಳೂರಿಗೆ ಬರುತ್ತಿತ್ತು. ಬದಲಿಗೆ ಅಕ್ಕಿ ಹೋಗುತ್ತಿತ್ತು. ಇಷ್ಟು ಹುರಿಗೆ ಇಷ್ಟು ಅಕ್ಕಿ ಎಂದು ಬ್ರಿಟಿಷರ ಕಾಲದಲ್ಲಿ ದರ ಕಟ್ಟುತ್ತಿದ್ದದ್ದು ಸರಕಾರ, ಹೊಸೆದವರಲ್ಲ.