ಅಜ್ಜನ ಮೊಣಗಂಟು, ನರದ ಗೇಟು

ಮಂಚದ ಕಾಲಿಗೆ ಕಿರುಬೆರಳು ಬಡಿದದ್ದು ನೆನಪುಂಟಲ್ಲ? ಮೊದಲು ಚುರುಕ್ ಅಂತ ಒಂದು ನೋವು, ಸ್ವಲ್ಪ ಬಿಟ್ಟು ನಿಧಾನಕ್ಕೆ ಏರುವ ಇನ್ನೊಂದು. ಆಗ ನಾವೆಲ್ಲ ಬೆರಳು ಹಿಡಿದು ಉಜ್ಜುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ. ಯಾಕೆ ಇಳಿಯುತ್ತದೆ ಅಂತ ನಾನು ಓದಲು ಹೊರಟದ್ದು ಅಜ್ಜನ ದೆಸೆಯಿಂದ.

ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ ಕತೆ ನಮಗೆಲ್ಲ ಗೊತ್ತು. ಅಲ್ಲಿಂದ ಹಬ್ಬಿದ ಕಾರ್ಖಾನೆಗಳಲ್ಲಿ ಒಂದರಲ್ಲಿ ಅಜ್ಜ ದುಡಿದವರು. ಒಂದು ಹಂಚು ಸುಮಾರು ಎರಡೂವರೆ ಕಿಲೋ. ಒಂದು ಸಲಕ್ಕೆ ಹತ್ತು ಹೊತ್ತರೆ 25 ಕಿಲೋ. ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು, ಮೊಣಗಂಟಿನ ನೋವು ಮಾತ್ರ ಬಿಡಲಿಲ್ಲ. ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ ದಿನಾ ನುಂಗುತ್ತಿದ್ದರು. ಕಳೆದ ವರ್ಷ ಕಾಲು ಊದಿಕೊಂಡಿತು, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಡಾಕ್ಟ್ರು ಆ ಮಾತ್ರೆ ಪೂರ್ತಿ ನಿಲ್ಲಿಸಿದರು.

ಕಾರಣ ಸರಳ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ದೇಹ ಪ್ರೋಸ್ಟಾಗ್ಲಾಂಡಿನ್ ತಯಾರಿಸುವುದನ್ನು ತಡೆಯುತ್ತವೆ. ನೋವು, ಊತ ಹೆಚ್ಚಿಸುವುದು ಅದೇ. ಕಿಡ್ನಿಗೆ ಹೋಗುವ ರಕ್ತನಾಳವನ್ನು ಅಗಲವಾಗಿ ಇಡುವುದೂ ಅದೇ. ವಯಸ್ಸಾದವರಲ್ಲಿ ಈ ಎರಡನೆಯದು ಕೈಕೊಟ್ಟರೆ ಕಷ್ಟ. "ಮಾತ್ರೆ ಇಲ್ಲ, ನೋವು ಉಂಟು. ಇನ್ನೆಂತ ಮಾಡುದು ಮಗಾ?" ಅಂತ ಅಜ್ಜ ಕೇಳಿದರು.

ಈಗ ಬೆರಳಿನ ವಿಷಯಕ್ಕೆ ಬರೋಣ. ಸ್ಪರ್ಶ ಒಯ್ಯುವ ದಪ್ಪ ನರತಂತುಗಳಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಮಂದ ನೋವು ಒಯ್ಯುವ ತೆಳು ತಂತುಗಳಲ್ಲಿ ಸುಮಾರು 1 ಮೀಟರ್. ಪಾದದಿಂದ ಬೆನ್ನುಹುರಿಗೆ ಒಂದು ಮೀಟರ್ ದೂರ ಅಂತಿಟ್ಟುಕೊಳ್ಳಿ: ಸ್ಪರ್ಶ 20 ಮಿಲಿಸೆಕೆಂಡಿನಲ್ಲಿ ತಲುಪಿದರೆ ಮಂದ ನೋವಿಗೆ ಪೂರಾ ಒಂದು ಸೆಕೆಂಡು ಬೇಕು. ಮೊದಲಿನ 'ಚುರುಕ್' ಇವೆರಡರ ನಡುವಿನ ವೇಗದ ಇನ್ನೊಂದು ತಂತುವಿನದ್ದು. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಹೇಳಿದ್ದು ಏನೆಂದರೆ, ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದಂತೆ. ದಪ್ಪ ತಂತುಗಳ ಸಿಗ್ನಲ್ ಜಾಸ್ತಿ ಬಂದರೆ ಅದು ನೋವಿನ ಸಿಗ್ನಲನ್ನು ತಗ್ಗಿಸುತ್ತದೆ. ಮೆದುಳಿನಿಂದಲೂ ಆ ಗೇಟಿಗೆ ಕಂಟ್ರೋಲ್ ಬರುತ್ತದೆ. ಭಯ, ನಿದ್ದೆಗೇಡು ಇದ್ದಾಗ ಅದೇ ನೋವು ದೊಡ್ಡದಾಗಿ ಕಾಣುವುದು ಅದಕ್ಕೇ. ಆಮೇಲಿನ ಸಂಶೋಧನೆ ಈ ಸರ್ಕ್ಯೂಟಿನ ವಿವರಗಳನ್ನು ಬಹಳ ತಿದ್ದಿದೆ, ಮೂಲ ಯೋಚನೆ ಉಳಿದಿದೆ.

ಚರ್ಮದ ಮೇಲೆ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರ ಹುಟ್ಟಿದ್ದು ಈ ಯೋಚನೆಯಿಂದಲೇ. ಇಸಿ ಬ್ರಾಂಚಿನವರಿಗೆ 555 ಟೈಮರ್ ನೋಡಿದ ಕೂಡಲೇ ಕೈ ತುರಿಸುತ್ತದೆ, ಗೊತ್ತು. ದಯವಿಟ್ಟು ಮನೆಯಲ್ಲಿ ಮಾಡಿದ್ದನ್ನು ಮೈಗೆ ಹಚ್ಚಬೇಡಿ ಮಾರಾಯ್ರೆ. ಅಷ್ಟಕ್ಕೂ ಮೊಣಗಂಟಿನ ಸವೆತಕ್ಕೆ ಅದರಿಂದ ಸಾಕಷ್ಟು ಲಾಭ ಕಾಣಲಿಲ್ಲವೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಅದನ್ನು ಬೇಡ ಅಂದಿದೆ. ಅಕ್ಯುಪಂಕ್ಚರೂ ಬೇಡ. ಎಲ್ಲರಿಗೂ ಬೇಕು ಅಂದದ್ದು ವ್ಯಾಯಾಮ.

ಅಜ್ಜಿಯ ಉಪ್ಪಿನ ಶಾಖವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಆದರೂ ಲೆಕ್ಕ ಹಾಕಿ: ಒಂದು ಕಿಲೋ ನೀರು 20 ಡಿಗ್ರಿ ತಣಿದರೆ ಸುಮಾರು 84 ಕಿಲೋಜೂಲ್ ಕೊಡುತ್ತದೆ, ಉಪ್ಪು 17 ಅಷ್ಟೇ. ಅದಕ್ಕೇ ಅಜ್ಜಿ ಮತ್ತೆ ಮತ್ತೆ ಬಾಣಲೆಗೆ ಹಾಕಿ ಹುರಿಯುವುದು, ಬಿಸಿನೀರಿನ ಚೀಲ ಹೆಚ್ಚು ಹೊತ್ತು ನಿಲ್ಲುವುದು. ಮುಟ್ಟಿನ ಹೊಟ್ಟೆನೋವಿಗೆ 39 ಡಿಗ್ರಿ ಆಸುಪಾಸಿನ ಶಾಖ ಬಿಡದೆ ಕೊಟ್ಟಾಗ ಅದು ಐಬುಪ್ರೊಫೆನ್‌ನಷ್ಟೇ ಕೆಲಸ ಮಾಡಿದ್ದು ಪ್ರಯೋಗದಲ್ಲಿ ಕಂಡಿದೆ. ಲೇಡೀಸ್ ಹಾಸ್ಟೆಲಿನವರು ಗಮನಿಸಿ. ಶುಗರ್ ಇದ್ದು ಪಾದ ಜೋಮು ಹಿಡಿದವರಿಗೆ ಮಾತ್ರ ಶಾಖ ಕೊಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಪಕ್ಕದ ಕಂಕನಾಡಿಯ ಹೋಮಿಯೋಪಥಿ ಸಿಹಿಗುಳಿಗೆ ಆಗಬಹುದಾ ಅಂತ ಅತ್ತೆ ಕೇಳಿದರು. ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆ ಔಷಧಿ ಹಂಚಲು ಶುರು ಮಾಡಿದವರು, ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟವರು; ಅವರ ಬಗ್ಗೆ ಗೌರವ ನನಗೂ ಉಂಟು. ಆದರೆ '30ಸಿ' ಅಂದರೆ ನೂರು ಪಟ್ಟಿನ ದುರ್ಬಲೀಕರಣ 30 ಸಲ, ಅಂದರೆ ಒಂದರ ಮುಂದೆ 60 ಸೊನ್ನೆ. ಒಂದು ಮೋಲ್‌ನಲ್ಲಿ ಇರುವ ಅಣುಗಳ ಸಂಖ್ಯೆಗೆ 24 ಅಂಕೆ ಮಾತ್ರ. ಗುಳಿಗೆಯಲ್ಲಿ ಮೂಲವಸ್ತುವಿನ ಒಂದು ಅಣುವೂ ಸಿಗುವ ಸಂಭವ ಇಲ್ಲ. ಅತ್ತೆಗೆ ಹೇಳಿದೆ, ಒಪ್ಪಲಿಲ್ಲ.

ಅಜ್ಜನಿಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಇಷ್ಟೇ: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಎಣಿಸುವುದು, ಕೈ ಊರದೆ ಎದ್ದು ಕೂರುವುದು, ದಿನಾ ನಡೆಯುವುದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಗಂಟಿಗೆ ಆಸರೆ ಸಿಗುತ್ತದೆ. ಮೊದಲ ವಾರಗಳಲ್ಲಿ ನೋವು ಸ್ವಲ್ಪ ಜಾಸ್ತಿಯೇ ಆಯ್ತು, ನನಗೆ ಬೈಗುಳವೂ ಸಿಕ್ಕಿತು.

ನೋವಿನ ಜೊತೆ ಜ್ವರ ಇದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಶಾಖ, ವ್ಯಾಯಾಮ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ. ಎದೆನೋವಿಗೂ ಹಾಗೆಯೇ.

ಮೂರು ತಿಂಗಳು ಕಳೆದ ಮೇಲೆ ಅಜ್ಜ ಜೆಪ್ಪು ಮಾರ್ಕೆಟಿಗೆ ನಡೆದೇ ಹೋಗಿ ಬಂಗುಡೆ ತಂದರು. ಮೆಟ್ಟಿಲು ಇಳಿಯುವುದು ಈಗಲೂ ಕಷ್ಟ. ಕ್ರಿಯಾಟಿನಿನ್ ಮತ್ತೆ ಏರಿಲ್ಲ.